ಉಪವಾಸವೂ ಅಂಗಸೌಷ್ಠವವೂ

ಭಾದ್ರಪದ ಶುಕ್ಲ ಪಂಚಮಿಯಿಂದ ಅನಂತ ಚತುರ್ದಶಿಯವರೆಗೆ ನಡೆಯುವ ದಶಲಕ್ಷಣ ಪರ್ವದಲ್ಲಿ ಯಥಾಶಕ್ತಿ ಉಪವಾಸ, ಏಕಾಶನಗಳನ್ನು ಆಚರಿಸುವುದು ಶ್ರಾವಕರ ಮನೆಗಳಲ್ಲಿ ಪರಂಪರೆಯಿಂದ ಬಂದ ಆಚಾರ. ಈಚೆಗೆ ಮತ್ತೊಂದು ಬಗೆಯ ಆಹಾರನಿಯಮವೂ ಅದೇ ಮನೆಗಳನ್ನು ಪ್ರವೇಶಿಸಿದೆ. ತೂಕ ಇಳಿಸಲೆಂದು, ಮೈಕಟ್ಟು ಬೆಳೆಸಲೆಂದು ತರುಣ ತರುಣಿಯರು ಊಟ ಬಿಡುತ್ತಾರೆ, ಕ್ಯಾಲೊರಿಗಳ ಲೆಕ್ಕವಿಡುತ್ತಾರೆ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ: ತಟ್ಟೆ ಬರಿದು, ಹೊಟ್ಟೆ ಹಸಿದಿದೆ. ಹಾಗಾದರೆ ಎರಡರ ಫಲವೂ ಒಂದೇ ಆದೀತೆ? ಆರೋಗ್ಯವನ್ನು ಬಯಸುವ ಶ್ರಾವಕನು ಅನ್ನವನ್ನು ಯಾವ ದೃಷ್ಟಿಯಿಂದ ನೋಡಬೇಕು?

ಶರೀರದ ರಕ್ಷಣೆ ತನ್ನಷ್ಟಕ್ಕೆ ದೋಷವಲ್ಲ ಎಂಬುದನ್ನು ಮೊದಲು ತಿಳಿಯಬೇಕು. ವಟ್ಟಕೇರಾಚಾರ್ಯರ ಮೂಲಾಚಾರವು ಮುನಿಗೂ ಆಹಾರ ಸ್ವೀಕರಿಸಲು ಆರು ಕಾರಣಗಳನ್ನು ಹೇಳುತ್ತದೆ. ಹಸಿವಿನ ವೇದನೆಯ ಶಮನ, ವೈಯಾವೃತ್ಯ, ಆವಶ್ಯಕ ಕ್ರಿಯೆಗಳು, ಸಂಯಮ, ಪ್ರಾಣಧಾರಣೆ, ಧರ್ಮಚಿಂತನೆ ಇವೇ ಆ ಆರು. ಬಲ, ರುಚಿ, ಮೈಕಾಂತಿಗಳಿಗಾಗಿ ಮುನಿಯು ಉಣ್ಣಲಾಗದು. ಗೃಹಸ್ಥನಿಗಾದರೋ ದುಡಿಮೆಯಿದೆ, ಸಂಸಾರವಿದೆ. ಬಲವೂ ಅವನಿಗೆ ಬೇಕು. ಸಮಂತಭದ್ರಾಚಾರ್ಯರ ಜೀವನಕಥೆ ಇಲ್ಲಿ ಸ್ಮರಣೀಯವಾದುದು. ಭಸ್ಮಕ ವ್ಯಾಧಿಯಿಂದ ಪೀಡಿತರಾದ ಅವರು ಸಲ್ಲೇಖನಕ್ಕೆ ಅನುಮತಿ ಬೇಡಿದಾಗ ಗುರುಗಳು ಅದನ್ನು ಕೊಡಲಿಲ್ಲ. ರೋಗವನ್ನು ಶಮನಗೊಳಿಸಿಕೊಂಡು ಧರ್ಮಪ್ರಭಾವನೆ ಮಾಡುವಂತೆ ಆದೇಶಿಸಿದರು ಎಂಬುದು ಪರಂಪರೆ. ಅನ್ನವನ್ನು ತ್ಯಜಿಸುವುದೇ ಎಲ್ಲ ಕಾಲಕ್ಕೂ ಧರ್ಮವಾಗಿದ್ದರೆ ಆ ಆದೇಶಕ್ಕೆ ಅರ್ಥವಿರುತ್ತಿರಲಿಲ್ಲ.

ತುತ್ತು ಎಣಿಸುವುದೂ ದೋಷವಲ್ಲ. ಪುರುಷನ ಸಹಜ ಆಹಾರ 32 ತುತ್ತು, ಸ್ತ್ರೀಯದು 28 ಎಂದೆಣಿಸಿ, ಅದಕ್ಕಿಂತ ಕಡಿಮೆ ಉಣ್ಣುವುದನ್ನು ಶಾಸ್ತ್ರವು ಅವಮೌದರ್ಯವೆಂದು ಕರೆದಿದೆ. ಆರು ಬಾಹ್ಯ ತಪಗಳಲ್ಲಿ ಅನಶನದ ನಂತರದ ಸ್ಥಾನ ಅದರದು. ವ್ಯತ್ಯಾಸವಿರುವುದು ಎಣಿಕೆಯ ಉದ್ದೇಶದಲ್ಲಿ. ಪೂಜ್ಯಪಾದಾಚಾರ್ಯರ ವಿವರಣೆಯಂತೆ, ಐದು ಇಂದ್ರಿಯಗಳೂ ತಮ್ಮ ವಿಷಯಗಳ ಆತುರವನ್ನು ಬಿಟ್ಟು ಒಳಗೆ ಬಂದು ನೆಲೆಸುವುದೇ ಉಪವಾಸ. ಆದುದರಿಂದ ಉಪವಾಸದ ದಿನವೆಲ್ಲ ಮನಸ್ಸು ತಕ್ಕಡಿಯನ್ನೂ ಕನ್ನಡಿಯನ್ನೂ ಸುತ್ತುತ್ತಿದ್ದರೆ ಅದು ಬರಿಯ ಲಂಘನವಾದೀತು, ಉಪವಾಸವಾಗಲಾರದು.

ವ್ರತಿಯು ನಿಃಶಲ್ಯನಾಗಿರಬೇಕೆಂಬುದು ತತ್ತ್ವಾರ್ಥಸೂತ್ರದ ನಿರ್ಣಯ. ಮಾಯಾ, ಮಿಥ್ಯಾ, ನಿದಾನ ಎಂಬ ಮೂರು ಶಲ್ಯಗಳೂ ಈ ವಿಷಯದಲ್ಲಿ ಮುಳ್ಳಿನಂತೆ ಚುಚ್ಚಬಲ್ಲವು. ತಪಸ್ಸಿನ ಫಲವಾಗಿ ಸುಂದರವಾದ ಮೈಯನ್ನು ಬಯಸುವುದು ನಿದಾನ. ದೇಹವೇ ತಾನೆಂದು ಬಗೆದು, ತೂಕ ಏರಿದಾಗ ತಾನೇ ಕೀಳಾದೆನೆಂದು ಕೊರಗುವುದು ಮಿಥ್ಯಾ. ಎಲ್ಲಕ್ಕಿಂತ ಕಳವಳಕಾರಿಯಾದುದು ಮಾಯಾಶಲ್ಯ. ಒಂದು ಮನೆಯ ಮಗಳು ಪರ್ವ ಮುಗಿದ ಮೇಲೂ ಒಂದಲ್ಲ ಒಂದು ನಿಯಮದ ಹೆಸರು ಹೇಳಿ ಊಟ ತಪ್ಪಿಸುತ್ತಾಳೆಂದು ಭಾವಿಸೋಣ. ಪಾರಣೆಯ ತಟ್ಟೆಯನ್ನು ಕಂಡರೆ ಅವಳಿಗೆ ಭಯ. ಎರಡು ತುತ್ತು ಹೆಚ್ಚಾಗಿ ಉಂಡ ದಿನ, ಶಿಕ್ಷೆಯೆಂಬಂತೆ ಮರುದಿನವೂ ಉಪವಾಸ. ತಾಯಿಗೆ ಹೆಮ್ಮೆ, ಬಸದಿಯಲ್ಲಿ ಪ್ರಶಂಸೆ. ಆದರೆ ಮಗಳು ಕೃಶಳಾಗುತ್ತಿದ್ದಾಳೆ, ಮುಟ್ಟು ನಿಂತಿದೆ, ಆದರೂ ತಾನು ಸ್ಥೂಲಳೆಂಬ ಭ್ರಮೆ ಹೋಗದು. ಇದು ಚಿಕಿತ್ಸೆ ಬೇಕಾದ ಕಾಯಿಲೆಯೆಂದು ವೈದ್ಯಶಾಸ್ತ್ರ ಗುರುತಿಸಿದೆ. ಇಂಥವಳಿಗೆ ಬೇಕಾದುದು ಹೊಗಳಿಕೆಯಲ್ಲ, ಗದರಿಕೆಯೂ ಅಲ್ಲ. ಪಕ್ಕದಲ್ಲಿ ಕುಳಿತು ಕೇಳುವ ತಾಯಿ ಮತ್ತು ತಿಳಿದ ವೈದ್ಯರು.

ತೀರ್ಥಂಕರ ನಾಮಕರ್ಮದ ಬಂಧಕ್ಕೆ ಕಾರಣವಾದ ಹದಿನಾರು ಭಾವನೆಗಳಲ್ಲಿ ತಪವನ್ನು ಹೇಳುವಾಗ ಶಕ್ತಿಯನುಸಾರ ಎಂಬ ವಿಶೇಷಣ ಸೇರಿರುವುದು ಗಮನಾರ್ಹ. ಶಕ್ತಿಯನ್ನು ಬಚ್ಚಿಡಬಾರದು, ಮೀರಲೂ ಬಾರದು. ಮಧುಮೇಹಕ್ಕೆ ಔಷಧ ಸೇವಿಸುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಉಪವಾಸ ಕೈಗೊಳ್ಳಬಾರದು. ಅವರಿಗೆ ರಸಪರಿತ್ಯಾಗವಿದೆ, ಸ್ವಾಧ್ಯಾಯವಿದೆ. ನೀರನ್ನೂ ಬಿಟ್ಟ ದಿನ ಅಂಗಸಾಧನೆ ಅಪಾಯಕರ. ರತ್ನಕರಂಡಕ ಶ್ರಾವಕಾಚಾರವು ಉಪವಾಸದ ದಿನ ಅಲಂಕಾರ, ಆರಂಭಗಳನ್ನು ಬಿಡಬೇಕೆಂದು ವಿಧಿಸಿರುವುದರಿಂದ, ಆ ದಿನ ವ್ಯಾಯಾಮವನ್ನೂ ಕನ್ನಡಿಯನ್ನೂ ಬಿಡುವುದು ಶಾಸ್ತ್ರಕ್ಕೂ ಆರೋಗ್ಯಕ್ಕೂ ಸಮ್ಮತವೇ.

ಉಳಿದ ದಿನಗಳಲ್ಲಿ ಶ್ರಾವಕನ ಅಡುಗೆಮನೆ ದೇಹಪುಷ್ಟಿಗೆ ಸಾಲದೆಂಬ ಅಂಜಿಕೆಗೆ ಆಧಾರವಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ಸೂಚಿಸಿದ ಪ್ರಮಾಣದಂತೆ ಆರೋಗ್ಯವಂತ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗ್ರಾಂಗೆ ದಿನಕ್ಕೆ 0.83 ಗ್ರಾಂ ಪ್ರೋಟೀನು ಬೇಕು. 60 ಕಿಲೋ ತೂಗುವವರಿಗೆ ಸುಮಾರು 50 ಗ್ರಾಂ. 100 ಗ್ರಾಂ ಒಣ ಹೆಸರುಕಾಳಿನಲ್ಲಿಯೇ 20 ಗ್ರಾಂಗೂ ಹೆಚ್ಚಿದೆ. ತೊಗರಿ, ಕಡಲೆ, ರಾಗಿ, ಗೋಧಿಗಳು ಉಳಿದುದನ್ನು ಪೂರೈಸಬಲ್ಲವು. ಸಸ್ಯಾಹಾರದಲ್ಲಿ ದೊರೆಯದ ಬಿ12 ಜೀವಸತ್ವ ಹಾಲು ಮೊಸರುಗಳಲ್ಲಿದೆ; ದ್ವಿದಳದ ನಿಯಮವಿರುವವರು ಅವನ್ನು ಬೇಳೆಯಿಂದ ಬೇರೆಯಾಗಿ ಸೇವಿಸಬಹುದು. ಸಂಜೆಯ ವ್ಯಾಯಾಮದಿಂದ ರಾತ್ರಿಭೋಜನತ್ಯಾಗಕ್ಕೆ ಭಂಗ ಬರುವುದಾದರೆ ವ್ಯಾಯಾಮವನ್ನು ಪ್ರಾತಃಕಾಲಕ್ಕೆ ಬದಲಿಸಬೇಕು, ವ್ರತವನ್ನು ಬದಲಿಸಬೇಕಾಗಿಲ್ಲ.

ಹೊಟ್ಟೆಯ ಅರ್ಧವನ್ನು ಅನ್ನಕ್ಕೆ, ಮೂರನೆಯ ಭಾಗವನ್ನು ನೀರಿಗೆ ಕೊಟ್ಟು, ನಾಲ್ಕನೆಯದನ್ನು ವಾಯುಸಂಚಾರಕ್ಕೆ ಬಿಡಬೇಕೆಂದು ಮೂಲಾಚಾರವು ಮುನಿಗೆ ವಿಧಿಸಿದ ಮಿತಿ ಗೃಹಸ್ಥನಿಗೂ ದಾರಿದೀಪವೇ. ಹಾಗೆ ಉಂಡವನ ಮನಸ್ಸು ಕೈ ತೊಳೆದೊಡನೆ ಅನ್ನವನ್ನು ಮರೆತು ತನ್ನ ಕರ್ತವ್ಯಕ್ಕೆ ತೊಡಗುತ್ತದೆ. ಮಿತಿಯ ಸತ್ಯಾಸತ್ಯತೆಯನ್ನು ತಿಳಿಯಲು ಇದೇ ಒರೆಗಲ್ಲು. ಪಾರಣೆಯ ತುತ್ತನ್ನು ಭಯವಿಲ್ಲದೆ, ಆಸೆಯಿಲ್ಲದೆ ಬಾಯಿಗಿಡಬಲ್ಲವನ ಉಪವಾಸವೇ ಸಾರ್ಥಕ.