ಎರಡನೆಯ ಪಗಡೆ

ಅರವತ್ತು ದಾಟಿದವರು ನಾಲ್ಕು ಜನ ಒಂದೆಡೆ ಕೂಡಿದರೆ ಮಾತು ಮೊದಲು ಮಂಡಿನೋವಿನ ಸುತ್ತ ಸುಳಿಯುತ್ತದೆ, ಆಮೇಲೆ ಮಕ್ಕಳ ವಿಷಯಕ್ಕೆ ಬರುತ್ತದೆ, ಕೊನೆಗೆ ‘ಆಗ ಹಾಗೆ ಮಾಡಿದ್ದರೆ’ ಎಂಬಲ್ಲಿ ಬಂದು ನಿಲ್ಲುತ್ತದೆ. ಬದುಕನ್ನು ಮರಳಿ ಬದುಕುವ ಅವಕಾಶ ದೊರೆತು, ಒಂದೇ ಒಂದು ನಿರ್ಧಾರವನ್ನು ಮಾತ್ರ ತಿದ್ದಬಹುದೆಂದರೆ ಯಾವುದನ್ನು ತಿದ್ದಬೇಕು? ಈ ಪ್ರಶ್ನೆಗೆ ಉತ್ತರವಿಲ್ಲದವರನ್ನು ನಾನು ಕಂಡಿಲ್ಲ. ಒಬ್ಬರಿಗೆ ಅರ್ಧಕ್ಕೆ ಬಿಟ್ಟ ಓದು, ಇನ್ನೊಬ್ಬರಿಗೆ ಹಿಡಿದುಕೊಂಡ ನೌಕರಿ, ಮತ್ತೊಬ್ಬರಿಗೆ ಮಾರಿಬಿಟ್ಟ ಹೊಲ. ಮದುವೆ ಎನ್ನುವವರು ಮಾತ್ರ ಒಮ್ಮೆ ಹಿಂದುಮುಂದು ನೋಡಿಕೊಂಡು ಹೇಳುತ್ತಾರೆ.

ಈ ಉತ್ತರಗಳಲ್ಲಿ ನಾನು ಕಂಡ ಒಂದು ವಿಶೇಷವೆಂದರೆ, ಅವುಗಳಲ್ಲಿ ಬಹುಪಾಲು ಮಾಡಿದ್ದನ್ನು ಕುರಿತವಲ್ಲ, ಮಾಡದೆ ಬಿಟ್ಟದ್ದನ್ನು ಕುರಿತವು. ಥಾಮಸ್ ಗಿಲೊವಿಚ್ ಮತ್ತು ವಿಕ್ಟೋರಿಯಾ ಮೆಡ್ವೆಕ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1994ರಲ್ಲಿ ಇದನ್ನೇ ಪರೀಕ್ಷಿಸಿ ಬರೆದರು. ಸದ್ಯದಲ್ಲಿ ಮನಸ್ಸನ್ನು ಹೆಚ್ಚು ಚುಚ್ಚುವುದು ಮಾಡಿದ ಕೆಲಸ. ಇಡೀ ಬಾಳನ್ನು ಹಿಂತಿರುಗಿ ನೋಡಿದಾಗ ಚುಚ್ಚುವುದು ಮಾಡದೆ ಹೋದದ್ದು. ಕಾರಣವನ್ನು ಊಹಿಸುವುದು ಕಷ್ಟವಲ್ಲ. ಮಾಡಿದ್ದಕ್ಕೆ ಒಂದು ಮೇರೆಯುಂಟು. ತೆತ್ತ ಬೆಲೆ ಎಷ್ಟೆಂದು ಲೆಕ್ಕ ಸಿಗುತ್ತದೆ. ಮಾಡದಿದ್ದಕ್ಕೆ ಮೇರೆಯಿಲ್ಲ. ಬಾಳಿದ ಬಾಳಿನಲ್ಲಿ ಜ್ವರ, ಸಾಲ, ಮೇಲಧಿಕಾರಿಯ ಸಿಡುಕು ಎಲ್ಲವೂ ಇವೆ. ಬಾಳದೆ ಹೋದ ಬಾಳಿನಲ್ಲಿ ಬಾಡಿಗೆಯ ಮನೆ ಕೂಡ ಸೋರುವುದಿಲ್ಲ!

ನನ್ನ ಪರಿಚಿತರೊಬ್ಬರು ಮೂವತ್ತು ವರ್ಷ ಬ್ಯಾಂಕಿನಲ್ಲಿ ದುಡಿದವರು. ಯೌವನದಲ್ಲಿ ಪಿಟೀಲು ಕಲಿಯುತ್ತಿದ್ದರಂತೆ. ‘ಆ ನೌಕರಿಯ ಕಾಗದವನ್ನು ಅಂದೇ ಹರಿದು ಹಾಕಿದ್ದರೆ!’ ಎಂದು ಕಾಫಿಯ ಹೊತ್ತಿನಲ್ಲಿ ಹೇಳುವುದು ಅವರ ವಾಡಿಕೆ. ಕಾಫಿ ತಂದಿಡುವವರು ಅವರ ಪತ್ನಿ. ನೌಕರಿ ಇದೆಯೆಂದೇ ಆ ಸಂಬಂಧ ಕುದುರಿದ್ದು. ಆ ಕಾಗದವನ್ನು ಹರಿದಿದ್ದರೆ ಆಕೆಯೂ ಇಲ್ಲ, ಮಕ್ಕಳೂ ಇಲ್ಲ. ಇದನ್ನು ಅವರು ಯೋಚಿಸಿದ್ದಾರೋ ಇಲ್ಲವೋ, ಆಕೆ ಯೋಚಿಸಿರಬೇಕೆಂದು ನನ್ನ ಎಣಿಕೆ. ಒಂದೇ ನಿರ್ಧಾರವನ್ನು ತಿದ್ದುತ್ತೇವೆಂದು ನಾವು ಸುಲಭವಾಗಿ ಹೇಳುತ್ತೇವೆ. ಆದರೆ ಒಂದೇ ಒಂದನ್ನು ತಿದ್ದುವುದೆಂಬುದೇ ಇಲ್ಲ. ನಮ್ಮೊಡನೆ ಬಾಳಿದವರು ಕೇಳುತ್ತಿರುವಾಗ, ಈ ಬಾಳು ಬೇಡವಾಗಿತ್ತು ಎನ್ನುವ ಹಕ್ಕು ನಮಗೆ ಉಂಟೇ?

ಹಾಗಾದರೆ ಎಲ್ಲವೂ ಒಳ್ಳೆಯದೇ ಆಯಿತೆಂದು ನಗುತ್ತ ಕುಳಿತುಕೊಳ್ಳಬೇಕೆ? ಅದೂ ಸುಳ್ಳೇ. ತಪ್ಪಿ ನಡೆದ ಹೆಜ್ಜೆಗಳು ಎಲ್ಲರ ಬಾಳಿನಲ್ಲಿಯೂ ಇವೆ. ಕೇಳಬೇಕಾದ ಪ್ರಶ್ನೆ ಬೇರೆ: ಅವಕಾಶ ನಿಜವಾಗಿಯೂ ಮರಳಿ ಬಂದರೆ ನಾವು ಬೇರೆಯಾಗಿ ನಡೆಯುತ್ತೇವೆಯೇ?

ಅಂಥ ಅವಕಾಶ ಪಡೆದವನೊಬ್ಬನನ್ನು ನಾವೆಲ್ಲ ಬಲ್ಲೆವು. ಧರ್ಮರಾಯ ರಾಜ್ಯವನ್ನೂ ತಮ್ಮಂದಿರನ್ನೂ ತನ್ನನ್ನೂ ಹೆಂಡತಿಯನ್ನೂ ಪಣವೊಡ್ಡಿ ಸೋತ ಕಥೆ ಮಕ್ಕಳಿಗೂ ಗೊತ್ತು. ಆದರೆ ಆ ಸೋಲು ಅಳಿಸಿಹೋಯಿತೆಂಬುದನ್ನು ಮರೆಯುತ್ತೇವೆ. ದ್ರೌಪದಿ ಪಡೆದ ವರದಿಂದ ಪಾಂಡವರ ದಾಸ್ಯ ಹರಿಯಿತು; ಧೃತರಾಷ್ಟ್ರ ರಾಜ್ಯವನ್ನೂ ಹಿಂದಿರುಗಿಸಿದ. ಪಾಂಡವರು ಇಂದ್ರಪ್ರಸ್ಥದ ದಾರಿಯನ್ನೂ ಹಿಡಿದರು. ಬಾಳಿನಲ್ಲಿ ಯಾರಿಗೂ ಸಿಗದ ಭಾಗ್ಯ ಅದು. ದಾರಿಯ ನಡುವೆ ಮತ್ತೆ ಕರೆ ಬಂತು. ಹೋದರೆ ಕೇಡೆಂದು ತಿಳಿದೂ, ಹಿರಿಯನ ಆಜ್ಞೆಯನ್ನು ಮೀರಲಾರೆನೆಂದು ಧರ್ಮರಾಯ ಹಿಂದಿರುಗಿದ, ಮತ್ತೆ ಆಡಿದ, ಮತ್ತೆ ಸೋತ. ಹನ್ನೆರಡು ವರ್ಷದ ವನವಾಸ, ಒಂದು ವರ್ಷದ ಅಜ್ಞಾತವಾಸ ಆ ಎರಡನೆಯ ಪಗಡೆಯ ಫಲ. ವಿಧಿ ತಿದ್ದಿದ್ದು ಆಟವನ್ನು. ಆಟಗಾರ ಹಾಗೆಯೇ ಉಳಿದಿದ್ದ.

ನಮ್ಮ ಹಳಹಳಿಕೆಯ ದೋಷ ಇಲ್ಲಿಯೇ ಇದೆಯೆಂದು ನನಗೆ ತೋರುತ್ತದೆ. ಆಯ್ಕೆಯನ್ನು ದೂರುತ್ತೇವೆ, ಆಯ್ದವನನ್ನು ಬಿಟ್ಟುಬಿಡುತ್ತೇವೆ. ಅಂದು ಹಿರಿಯರ ಮುಂದೆ ಬಾಯಿ ಬರಲಿಲ್ಲವೆಂದು ಮರುಗುವವನು ಇಂದು ಮಗನ ಮುಂದೆಯೂ ಬಾಯಿ ತೆರೆಯುವುದಿಲ್ಲ. ಹಣದ ಆಸೆಗೆ ಹೊಲ ಮಾರಿದೆನೆಂದು ನೊಂದುಕೊಳ್ಳುವವನು ಅದೇ ಆಸೆಯಿಂದ ಇಂದು ನಿವೇಶನ ಕೊಳ್ಳುತ್ತಿರಬಹುದು. ಹಳೆಯ ಪಗಡೆಗಾಗಿ ಅಳುವ ಕಣ್ಣಿಗೆ ಇಂದಿನ ಹಾಸು ಕಾಣುವುದಿಲ್ಲ.

ಇಷ್ಟೂ ನಮಗೆ ನಾವೇ ಮಾಡಿಕೊಂಡ ನಷ್ಟದ ಮಾತು. ಇನ್ನೊಬ್ಬರಿಗೆ ಮಾಡಿದ ಕೇಡು ಬೇರೊಂದು ಜಾತಿಯದು. ಅದಕ್ಕೆ ಪರಿತಾಪ ಸಾಲದು, ಅದು ಸಾಲ. ಕ್ರಿ.ಪೂ. 261ರ ಸುಮಾರಿಗೆ ಕಲಿಂಗವನ್ನು ಗೆದ್ದ ಅಶೋಕ ತನ್ನ ಹದಿಮೂರನೆಯ ಬಂಡೆ ಶಾಸನದಲ್ಲಿ ಆ ಗೆಲುವಿಗಾಗಿ ಮರುಗಿದ್ದಾನೆ. ಸೆರೆಯಾಗಿ ಸಾಗಿಸಲ್ಪಟ್ಟವರು 1,50,000, ಹತರಾದವರು 1,00,000, ಅದರ ಅನೇಕ ಪಾಲು ಜನ ಹಾಗೆಯೇ ಸತ್ತರು ಎಂದು ಲೆಕ್ಕವನ್ನೂ ಕೊಟ್ಟಿದ್ದಾನೆ. ಗೆದ್ದ ದೊರೆ ಹೀಗೆ ಕಲ್ಲಿನ ಮೇಲೆ ಮರುಗುವುದು ಸಣ್ಣ ಮಾತಲ್ಲ. ಕಾಲ್ಸಿಯಲ್ಲಿ, ದೂರದ ಶಹಬಾಜ್‌ಗಢಿಯಲ್ಲಿ ಆ ಶಾಸನವಿದೆ. ಆದರೆ ಕಲಿಂಗದ ಧೌಲಿ ಮತ್ತು ಜೌಗಡಗಳಲ್ಲಿ ಅದನ್ನು ಕೆತ್ತಿಸಿಲ್ಲ. ಅದರ ಬದಲು ಪ್ರಜೆಗಳೆಲ್ಲ ನನ್ನ ಮಕ್ಕಳು ಎಂದು ಅಧಿಕಾರಿಗಳಿಗೆ ತಿಳಿಹೇಳುವ ಬೇರೆ ಶಾಸನಗಳಿವೆ. ಕಲಿಂಗವನ್ನು ಬಿಟ್ಟುಕೊಟ್ಟ ಮಾತಾಗಲಿ, ಸೆರೆಯವರನ್ನು ಮರಳಿ ಕಳುಹಿಸಿದ ಮಾತಾಗಲಿ ಆ ಹದಿಮೂರನೆಯ ಶಾಸನದಲ್ಲಿ ಇಲ್ಲ. ರಾಜ್ಯಭಾರದ ಜಾಣತನಕ್ಕೆ ಅದು ಸರಿಯೆನಿಸಿರಬಹುದು. ಹಳೆಯ ಗಾಯವನ್ನು ಕೆದಕಬಾರದೆಂಬ ಕರುಣೆಯೂ ಇದ್ದೀತು. ಆದರೂ ಮರುಕದ ಮಾತು ನೂರಾರು ಹರದಾರಿ ನಡೆದು, ಕೇಳಬೇಕಾದವರ ಊರನ್ನು ಮಾತ್ರ ಬಳಸಿಕೊಂಡು ಹೋಯಿತು.

ನಾವು ಸಾಮಾನ್ಯರು ಮಾಡುವುದೂ ಇದನ್ನೇ. ತಂಗಿಗೆ ಮಾಡಿದ ಅನ್ಯಾಯವನ್ನು ಗೆಳೆಯರ ಮುಂದೆ ಕಣ್ಣು ತುಂಬಿಕೊಂಡು ಹೇಳುತ್ತೇವೆ. ತಂಗಿಯ ಮನೆಗೆ ಹೋದಾಗ ಮಳೆಬೆಳೆಯ ಮಾತಾಡಿ ಏಳುತ್ತೇವೆ. ಗೆಳೆಯರು ಸಮಾಧಾನ ಹೇಳುತ್ತಾರೆ, ಮನಸ್ಸು ಹಗುರಾಗುತ್ತದೆ, ಸಾಲ ಹಾಗೆಯೇ ಉಳಿಯುತ್ತದೆ.

ಆದ್ದರಿಂದ ಯಾವ ನಿರ್ಧಾರವನ್ನು ತಿದ್ದುತ್ತೀರಿ ಎಂಬ ಪ್ರಶ್ನೆ ನನಗೆ ಈಗ ಅಷ್ಟು ರುಚಿಸುವುದಿಲ್ಲ. ಕಳೆದ ದಿನವನ್ನು ತಿದ್ದುವ ಅಧಿಕಾರ ಯಾರಿಗೂ ಇಲ್ಲವಾದ್ದರಿಂದ, ಆ ಪ್ರಶ್ನೆಗೆ ಏನು ಉತ್ತರ ಕೊಟ್ಟರೂ ನಮಗೆ ಖರ್ಚಿಲ್ಲ. ಅದಕ್ಕಿಂತ, ಈ ಮರುಕವನ್ನು ಯಾರಿಗೆ ಹೇಳಬೇಕಾಗಿತ್ತು, ಅವರು ಇನ್ನೂ ಇದ್ದಾರೆಯೇ ಎಂದು ಕೇಳಿಕೊಳ್ಳುವುದು ಮೇಲು. ಇದ್ದರೆ, ಅವರ ಮನೆಯ ದಾರಿ ನಮಗೆ ಗೊತ್ತೇ ಇರುತ್ತದೆ.