ಎಳ್ಳು-ಬೆಲ್ಲದ ಜೊತೆಗೆ ಒಂದು ಹಿಡಿ ಬಿತ್ತನೆ

ಮಾಗಿ ಬಂತೆಂದರೆ ನಮ್ಮ ಸೀಮೆಯ ಹಿತ್ತಲಿಗೆ ಹೊಸ ಜೀವ. ಗದ್ದೆಯಲ್ಲಿ ಭತ್ತದ ಕೊಯ್ಲು ಮುಗಿದು ಹುಲ್ಲು ಬಣವೆಗೆ ಏರಿರುತ್ತದೆ. ಕೈಗೆ ಒಂದಿಷ್ಟು ಬಿಡುವು ಸಿಕ್ಕಿರುತ್ತದೆ. ಮದ್ದೂರು ತಾಲ್ಲೂಕಿನ ಸೋಮನಹಳ್ಳಿ ಸುತ್ತಮುತ್ತ ಈ ದಿನಗಳಲ್ಲಿ ಓಡಾಡಿದರೆ ಬೇಲಿಯ ಮೇಲೆ ಹಬ್ಬಿದ ಅವರೆ, ಬಚ್ಚಲ ನೀರು ಹರಿಯುವಲ್ಲಿ ಬಾಳೆ, ಬಾಗಿಲ ಪಕ್ಕ ಹಳೆಯ ಡಬ್ಬಗಳಲ್ಲಿ ಸೇವಂತಿಗೆ ಕಾಣುತ್ತವೆ. ಡೇರಿಗೆ ಹಾಲು ಹಾಕಿ ಬರುವ ಹೆಂಗಸರು ಬೇಲಿ ಪಕ್ಕ ನಿಂತು, ‘ಅಕ್ಕ, ಒಂದೀಟು ಬಿತ್ನೆ ಕೊಡ್ತೀಯಾ? ನಾಕ್ ಕಾಳು ಸಾಕು’ ಎಂದು ಕೇಳುವ ಕಾಲವಿದು. ಈ ಕೇಳುವ, ಕೊಡುವ ಮಾತಿನಲ್ಲಿ ಒಂದು ದೊಡ್ಡ ವ್ಯವಸ್ಥೆಯೇ ಅಡಗಿದೆ.

ಅವರೆಗೂ ಸೇವಂತಿಗೆಗೂ ಇರುಳಿನ ಉದ್ದ ತಿಳಿಯುತ್ತದೆ. ಮಳೆಗಾಲದಲ್ಲಿ ಊರಿದ ನಾಟಿ ಅವರೆ ತಿಂಗಳುಗಟ್ಟಲೆ ಬರೀ ಬಳ್ಳಿಯಾಗಿ ಹಬ್ಬುತ್ತದೆ. ಹಗಲು ಕುಗ್ಗಿ ಇರುಳು ಹಿಗ್ಗಿದ ಮೇಲೆಯೇ ಹೂ ಕಟ್ಟುತ್ತದೆ. ಡಿಸೆಂಬರ್ 21, 22ರ ಹೊತ್ತಿಗೆ ನಮ್ಮಲ್ಲಿ ಹಗಲು ಹನ್ನೊಂದೂವರೆ ಗಂಟೆಗೂ ಕಡಿಮೆ. ಅವರೆಗೆ ಅದೇ ಸುಗ್ಗಿ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಈ ಕಟ್ಟು ಬಿಡಿಸಿ, ಯಾವ ಕಾಲದಲ್ಲಿ ಬಿತ್ತಿದರೂ ಕಾಯಿ ಬಿಡುವ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತಳಿಗಳನ್ನು ಕೊಟ್ಟರು. ರೈತರಿಗೆ ಅದರಿಂದ ಅನುಕೂಲವಾಗಿದೆ. ಆದರೂ ಇಬ್ಬನಿಯಲ್ಲಿ ನೆನೆದ ನಾಟಿ ಅವರೆಯ ಸೊಗಡಿಗಾಗಿ, ಹಿತುಕಿದ ಬೇಳೆ ಸಾರಿಗಾಗಿ ಜನ ವರ್ಷವಿಡೀ ಕಾಯುತ್ತಾರೆ.

ಆ ಅವರೆಯ ಬೀಜ ಎಲ್ಲಿಂದ ಬಂತು ಎಂದು ಕೇಳಿದರೆ ಅಂಗಡಿಯ ಹೆಸರು ಹೇಳುವವರು ಕಡಿಮೆ. ಒಂದು ಮನೆಯಲ್ಲಿ ತವರಿನಿಂದ ಮಡಿಲಲ್ಲಿ ಕಟ್ಟಿಕೊಂಡು ಬಂದದ್ದು, ಇನ್ನೊಂದರಲ್ಲಿ ಬೀಗರು ಕೊಟ್ಟದ್ದು, ಮತ್ತೊಂದರಲ್ಲಿ ಮೂಲೆಮನೆ ಅಜ್ಜಿ ಹಂಚಿದ್ದು. ಸೋಮನಹಳ್ಳಿಯಲ್ಲಿ ಹುಟ್ಟಿ ನಾಡಿನ ಮುಖ್ಯಮಂತ್ರಿಯಾದ ಎಸ್.ಎಂ. ಕೃಷ್ಣ ಅವರು ಆ ಊರನ್ನು ಕೊನೆಯವರೆಗೂ ಹೆಸರಿನ ಮೊದಲಕ್ಷರದಲ್ಲಿ ಹೊತ್ತಿದ್ದರು. ನಾಟಿ ಬೀಜವೂ ಹಾಗೆಯೇ ತಾನು ಬಂದ ಊರನ್ನು, ಕೊಟ್ಟ ಮನೆಯನ್ನು ಜೊತೆಗೆ ಕರೆದುಕೊಂಡು ಹೋಗುತ್ತದೆ. ‘ಇದು ಅವರ ಮನೆ ಅವರೆ’ ಎನ್ನುವ ಮಾತಿಗೆ ಯಾವ ಚೀಟಿಯೂ ಬೇಕಾಗಿಲ್ಲ.

ನಗರಗಳಲ್ಲಿ ತೋಟದ ಆಸಕ್ತರು ಸಂಘ ಕಟ್ಟಿಕೊಂಡಿದ್ದಾರೆ. ಬೆಂಗಳೂರಿನ ಲಾಲ್‌ಬಾಗಿನಲ್ಲಿರುವ ಮೈಸೂರು ಉದ್ಯಾನ ಕಲಾ ಸಂಘ 1912ರಷ್ಟು ಹಳೆಯದು. ಜರ್ಮನಿಯಿಂದ ಬಂದ ಕೃಂಬಿಗಲ್ ಅವರು ಲಾಲ್‌ಬಾಗನ್ನು ನೋಡಿಕೊಳ್ಳುತ್ತಿದ್ದ ಕಾಲದ ಸಂಸ್ಥೆ ಅದು. ಇಂದಿಗೂ ತೋಟಗಾರಿಕೆ ಇಲಾಖೆಯ ಜೊತೆ ಸೇರಿ ಜನವರಿಯಲ್ಲಿ ಗಾಜಿನ ಮನೆಯ ಫಲಪುಷ್ಪ ಪ್ರದರ್ಶನ ನಡೆಸುತ್ತದೆ. ಮನೆ ತಾರಸಿಯಲ್ಲೇ ತರಕಾರಿ ಬೆಳೆಯುವವರು ಡಾ. ಬಿ.ಎನ್. ವಿಶ್ವನಾಥ್ ಅವರ ಮಾರ್ಗದರ್ಶನದಲ್ಲಿ 2011ರಲ್ಲಿ ‘ಊಟ ಫ್ರಂ ಯುವರ್ ತೋಟ’ ಎಂಬ ಮೇಳ ಆರಂಭಿಸಿದರು. ಮೈಸೂರಿನಲ್ಲಿ ಮಾಗಿ ಉತ್ಸವಕ್ಕೆ ಅರಮನೆಯ ಅಂಗಳ ಹೂವಿನಿಂದ ತುಂಬುತ್ತದೆ. ಅಲ್ಲಿನ ನಂಜರಾಜ ಬಹದ್ದೂರ್ ಛತ್ರದಲ್ಲಿ ‘ಸಹಜ ಸಮೃದ್ಧ’ ಬಳಗ ಗೆಡ್ಡೆ ಗೆಣಸು ಮೇಳ ನಡೆಸಿದೆ.

ಇವೆಲ್ಲ ಬೇಕು. ಪ್ರದರ್ಶನ ಕಣ್ಣಿಗೆ ಹಬ್ಬ, ಮನಸ್ಸಿನಲ್ಲಿ ಆಸೆ ಹುಟ್ಟಿಸುತ್ತದೆ. ಆದರೆ ಗಿಡ ಬೆಳೆಯಲು ಬೇಕಾದದ್ದು ಎರಡು: ಬೀಜ, ಮತ್ತು ಆ ಬೀಜವನ್ನು ಅದೇ ಮಣ್ಣಿನಲ್ಲಿ ಬೆಳೆದವರ ಮಾತು. ಮರಳು ಮಿಶ್ರಿತ ಕೆಂಪು ಮಣ್ಣಿನ ಹಿತ್ತಲಿಗೂ ನಾಲೆ ನೀರು ಕುಡಿದ ಗದ್ದೆ ಬದಿಯ ಹಿತ್ತಲಿಗೂ ಉಪಚಾರ ಬೇರೆ. ಅದನ್ನು ಹೇಳಬಲ್ಲವರು ಪಕ್ಕದ ಬೀದಿಯಲ್ಲೇ ಇರುತ್ತಾರೆ. ಅವರನ್ನು ಒಂದು ಸಂಜೆ ಒಂದು ಜಗಲಿಯಲ್ಲಿ ಕೂರಿಸಿದರೆ ಅದೇ ಸಂಘ, ಅದೇ ಸಭೆ.

ಅಲ್ಲಿ ಬರುವ ಮಾತುಗಳನ್ನು ಕಿವಿಗೊಟ್ಟು ಕೇಳಬೇಕು. ಬೀಜಕ್ಕೆ ಬಿಡುವ ಅವರೆಕಾಯನ್ನು ರೋಗವಿಲ್ಲದ, ಮೈತುಂಬ ಕಾಯಿ ಹಿಡಿದ ಬಳ್ಳಿಯಲ್ಲೇ ಆರಿಸಬೇಕು. ಯಾರೂ ಕೀಳದಂತೆ ಅದಕ್ಕೊಂದು ಬಣ್ಣದ ಬಟ್ಟೆ ಚೂರು ಕಟ್ಟಬೇಕು. ಬಳ್ಳಿಯಲ್ಲೇ ಒಣಗಿ, ಅಲ್ಲಾಡಿಸಿದರೆ ಕಾಳು ಸದ್ದು ಮಾಡುವಾಗ ಬಿಡಿಸಿ, ಬಿಸಿಲಿಗೆ ಹಾಕಿ, ಹರಳೆಣ್ಣೆ ಸವರಿಯೋ ಒಲೆ ಬೂದಿ ಬೆರೆಸಿಯೋ ಇಟ್ಟರೆ ಹುಳು ಬೀಳುವುದಿಲ್ಲ. ಸೋರೆ, ಕುಂಬಳದ ವಿಷಯ ಬೇರೆ. ಇವುಗಳಲ್ಲಿ ಜೇನುಹುಳು ಒಂದು ತಳಿಯ ಪರಾಗವನ್ನು ಇನ್ನೊಂದಕ್ಕೆ ಒಯ್ಯುತ್ತದೆ. ಆದ್ದರಿಂದ ಎರಡು ಬಗೆಯ ಕುಂಬಳ ಒಂದೇ ಕಡೆ ಹಬ್ಬಿದ್ದರೆ ಬೀಜ ಬೆರಕೆಯಾದೀತು. ಅವರೆ ಬಹುಮಟ್ಟಿಗೆ ತನ್ನ ಹೂವಿನಲ್ಲೇ ಪರಾಗಗೊಳ್ಳುವುದರಿಂದ ಬೀಜ ಉಳಿಸುವುದನ್ನು ಹೊಸದಾಗಿ ಕಲಿಯುವವರಿಗೆ ಅದೇ ಒಳ್ಳೆಯ ಪಾಠ. ಸೇವಂತಿಗೆಗೆ ಬೀಜದ ಗೊಡವೆಯೇ ಇಲ್ಲ: ಹೂ ಮುಗಿದ ಮೇಲೆ ಗಿಡ ಕತ್ತರಿಸಿ, ಬುಡದಲ್ಲಿ ಏಳುವ ಮರಿಗಳನ್ನು ಬೇರು ಸಮೇತ ಕಿತ್ತು ಹಂಚಿದರಾಯಿತು. ಚಳಿಯಲ್ಲಿ ಸಂಜೆ ಎಲೆಗೆ ನೀರು ಹೊಡೆಯಬಾರದು, ಬಿಸಿಲೇರಿದ ಮೇಲೆ ಬುಡಕ್ಕೆ ಹಾಕಬೇಕು. ಕಬ್ಬಿನ ತರಗನ್ನು ಸುಡುವ ಬದಲು ಗಿಡದ ಬುಡಕ್ಕೆ ಹೊದಿಸಬೇಕು. ಒಂದೊಂದು ಮಾತಿನ ಹಿಂದೆಯೂ ಒಬ್ಬರ ಅನುಭವವಿದೆ.

ಮದ್ದೂರು ಇರುವ ಜಿಲ್ಲೆಯದೇ ಆದ ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ ಸೈಯದ್ ಘನಿ ಖಾನ್ ಅವರು ನೂರಾರು ದೇಸಿ ಭತ್ತದ ತಳಿಗಳನ್ನು ಉಳಿಸಿಕೊಂಡು ಬಂದಿದ್ದಾರೆ. ಟಿಪ್ಪುವಿನ ಕಾಲದ ನೆನಪು ಹೊತ್ತ ಅವರ ಬಡಾಬಾಗ್ ತೋಟದಲ್ಲಿ ನೂರಕ್ಕೂ ಹೆಚ್ಚು ಬಗೆಯ ಮಾವು ಇವೆ. ನಾಡಿನ ಮೂಲೆಮೂಲೆಯ ರೈತರು ಅಲ್ಲಿಗೆ ಹೋಗಿ ಬಿತ್ತನೆ ತಂದಿದ್ದಾರೆ. ಬೀಜವನ್ನು ಡಬ್ಬದಲ್ಲಿಟ್ಟು ಮರೆತರೆ ಅದು ಸಾಯುತ್ತದೆ. ಉಳಿಸಬೇಕಾದರೆ ಮತ್ತೆ ಮತ್ತೆ ಬಿತ್ತಲೇಬೇಕು. ಒಂದು ಕುಟುಂಬ ಇಷ್ಟು ದೊಡ್ಡ ಭಾರ ಹೊತ್ತಿರುವಾಗ ನಾವು ಮನೆಗೊಂದು ತಳಿಯನ್ನಾದರೂ ಹೊರಲಾರೆವೇ? ಒಂದು ಮನೆ ಅವರೆ, ಒಂದು ಮನೆ ನಾಟಿ ಬದನೆ, ಮತ್ತೊಂದು ಮನೆ ಹೀರೆ ಎಂದು ನೋಡಿಕೊಂಡರೆ, ಒಂದು ಬೀದಿಯೇ ಬೀಜದ ಕಣಜವಾಗುತ್ತದೆ.

ಹಿಂದಿನಿಂದ ಬಂದ ಬೀಜದ ಕಣಜ ಈಗ ಬರಿದಾಗುತ್ತಿದೆ. ಹಿತ್ತಲಿಗೆ ಸಿಮೆಂಟು ಬಿದ್ದಿದೆ. ಅಂಗಡಿಯ ಪೊಟ್ಟಣದ ಹೈಬ್ರಿಡ್ ಬೀಜ ಒಂದು ಬೆಳೆಗೆ ಚೆನ್ನ. ಅದರ ಹಣ್ಣಿನಿಂದ ತೆಗೆದ ಬೀಜ ತಾಯಿಯಂತೆ ಬರುವುದಿಲ್ಲ, ಮುಂದಿನ ಸಲ ಮತ್ತೆ ಕೊಳ್ಳಬೇಕು. ಕೊಳ್ಳುವುದು ತಪ್ಪಲ್ಲ. ಆದರೆ ಕೊಂಡ ಬೀಜ ಇಬ್ಬರನ್ನು ಮಾತನಾಡಿಸುವುದಿಲ್ಲ. ಕೇಳಿ ಪಡೆದ ಬೀಜದ ಜೊತೆ, ‘ಹೇಗೆ ಬಂತು? ಹುಳ ಬಿತ್ತಾ?’ ಎಂಬ ವಿಚಾರಣೆ ಬರುತ್ತದೆ. ಅದರಿಂದ ಹಿತ್ತಲೂ ಉಳಿಯುತ್ತದೆ, ನೆರೆಹೊರೆಯೂ ಉಳಿಯುತ್ತದೆ.

ಬೀಜ ಹಂಚಲು ಹೊಸ ಸಂಘವನ್ನೇ ಕಟ್ಟಬೇಕೆಂದಿಲ್ಲ. ನಮ್ಮಲ್ಲಿ ಸಂಕ್ರಾಂತಿಯಿದೆ. ಹೆಣ್ಣುಮಕ್ಕಳು ಹೊಸ ಬಟ್ಟೆ ತೊಟ್ಟು ಮನೆಮನೆಗೆ ಎಳ್ಳು ಬೀರುತ್ತಾರೆ. ತಟ್ಟೆಯಲ್ಲಿ ಎಳ್ಳು, ಬೆಲ್ಲ, ಕೊಬ್ಬರಿ, ಕಬ್ಬಿನ ತುಂಡು ಇರುತ್ತವೆ; ಎಲ್ಲವೂ ಇದೇ ನೆಲ ಕೊಟ್ಟದ್ದು. ಅದೇ ತಟ್ಟೆಯಲ್ಲಿ ಒಂದು ಕಾಗದದ ಪೊಟ್ಟಣ ಇರಲಿ. ಅದರೊಳಗೆ ನಿಮ್ಮ ಹಿತ್ತಲಿನ ಹತ್ತಿಪ್ಪತ್ತು ಕಾಳು, ಮೇಲೆ ತಳಿಯ ಹೆಸರು, ಬಿತ್ತುವ ತಿಂಗಳು, ನಿಮ್ಮ ಮನೆಯ ಹೆಸರು. ಬದನೆ, ಸೊಪ್ಪು, ಸೋರೆಯ ಬೀಜವಾದರೆ ಪಡೆದವರು ಸಂಕ್ರಾಂತಿಯ ತಿಂಗಳಲ್ಲೇ ಊರಬಹುದು. ಅವರೆಯಾದರೆ ಮುಂಗಾರಿನವರೆಗೆ ಬೂದಿಯಲ್ಲಿಟ್ಟು ಕಾಯಲಿ. ಪೊಟ್ಟಣ ಕಟ್ಟುವ ಕೆಲಸ ಶಾಲೆಯ ಮಕ್ಕಳಿಗೇ ಇರಲಿ. ಕಟ್ಟುತ್ತಾ ಕಟ್ಟುತ್ತಾ ಅವರು ಬೀಜದ ಗುರುತು ಕಲಿಯುತ್ತಾರೆ. ಪಡೆದವರಿಗೆ ಒಂದೇ ಕರಾರು: ಮುಂದಿನ ಮಾಗಿಗೆ ತಾವು ಬೆಳೆದ ಬೀಜವನ್ನು ಎರಡು ಮನೆಗಾದರೂ ಕೊಡಬೇಕು.