ಹೊರೆ ಹೊತ್ತವರಿಗೆ ದಾರಿ

ಬೆಳಗ್ಗೆ ಒಂಬತ್ತೂವರೆಗೆ ಮೀಟಿಂಗ್. ಬೆಂಗಳೂರಿನ ಔಟರ್ ರಿಂಗ್ ರೋಡ್ ಎಂದಿನಂತೆ ಜಾಮ್. ಮುಂದಿದ್ದ ಸ್ಕೂಟರಿನವನು ಫುಟ್‌ಪಾತ್ ಹತ್ತಿದ, ಹಿಂದೆಯೇ ನಾನೂ ಬೈಕ್ ಹತ್ತಿಸಿದೆ. ಎದುರಿಗೆ ಎರಡೂ ಕೈಯಲ್ಲಿ ತರಕಾರಿ ಚೀಲ ಹಿಡಿದ ಅಜ್ಜ. ನಾನು ಹಾರ್ನ್ ಹಾಕಲಿಲ್ಲ, ಅಷ್ಟು ಮರ್ಯಾದೆ ನನಗಿದೆ ಅಂದುಕೊಂಡೆ. ಅವರು ಏನೂ ಹೇಳದೆ ರಸ್ತೆಗಿಳಿದು, ಬಸ್ಸಿಗೆ ಒತ್ತಿಕೊಂಡು ನಿಂತು, ನನಗೆ ದಾರಿ ಬಿಟ್ಟರು.

ನನ್ನೂರು ರಾಮಕುಂಜ. ತೋಟಕ್ಕೆ ಹೋಗಬೇಕಾದರೆ ತೋಡು ದಾಟಬೇಕು, ದಾಟಲು ಅಡಿಕೆ ಮರದ ಸಂಕ. ಒಮ್ಮೆಗೆ ಒಬ್ಬರೇ. ಆಚೆಯಿಂದ ಯಾರಾದರೂ ಸೊಪ್ಪಿನ ಹೊರೆ ಹೊತ್ತು ಬಂದರೆ ಬರಿಗೈಯವರು ಈಚೆ ದಡದಲ್ಲೇ ನಿಲ್ಲಬೇಕು, ತೋಟದ ಧಣಿಯಾದರೂ ಸರಿ. ಊರು ಸ್ವರ್ಗ ಅಂತ ನಾನು ಹೇಳುತ್ತಿಲ್ಲ, ಮೇಲುಕೀಳು ಬೇಕಾದಷ್ಟಿತ್ತು. ಆದರೆ ಸಂಕದ ಲೆಕ್ಕ ಬೇರೆ: ಯಾರಿಗೆ ನಿಲ್ಲುವುದು ಸುಲಭವೋ ಅವರು ನಿಲ್ಲಬೇಕು.

ನಗರದಲ್ಲಿ ಇದು ತಲೆಕೆಳಗಾಗಿದೆ. ಅಜ್ಜನ ಕೈಯಲ್ಲಿ ಹೊರೆ ಇತ್ತು, ನನ್ನದನ್ನು ಇಂಜಿನ್ ಹೊರುತ್ತಿತ್ತು. ವೇಗ 30ರಿಂದ 60ಕ್ಕೆ ಏರಿದರೆ ಡಿಕ್ಕಿಯ ಶಕ್ತಿ ನಾಲ್ಕು ಪಟ್ಟಾಗುತ್ತದೆ ಅಂತ ಪಿಯುಸಿಯಲ್ಲೇ ಓದಿದ್ದೇವೆ. ಆ ಡಿಕ್ಕಿಯಲ್ಲಿ ನನ್ನ ಮಿರರ್ ಒಡೆದರೆ, ಅವರ ಸೊಂಟ ಮುರಿಯುತ್ತದೆ. ಅಪಾಯ ನಾವು ತರುವುದು, ಹುಷಾರಾಗಿರಬೇಕಾದ್ದು ಅವರು. ಇದು ಯಾವ ನ್ಯಾಯ?

"ರೋಡೇ ಸರಿಯಿಲ್ಲ ಮಾರಾಯ, ನೀನೊಬ್ಬ ನಿಂತ್ರೆ ಏನಾಗ್ತದೆ?" ಅಂತಾನೆ ಗೆಳೆಯ. ಅರ್ಧ ಸತ್ಯ. ಮನುಷ್ಯ ತಪ್ಪು ಮಾಡಿಯೇ ಮಾಡುತ್ತಾನೆ, ಆ ತಪ್ಪಿಗೆ ಜೀವ ಹೋಗದಂತೆ ರಸ್ತೆ ಕಟ್ಟಬೇಕು ಅಂತ ಸ್ವೀಡನ್ 1997ರಲ್ಲೇ ನೀತಿ ಮಾಡಿಕೊಂಡಿತು. ನಮ್ಮ ರೆಸಿಡೆನ್ಸಿ ರೋಡಿನಲ್ಲೂ ಟೆಂಡರ್ ಶ್ಯೂರ್ ಯೋಜನೆಯ ಅಗಲ ಫುಟ್‌ಪಾತ್ ಇದೆ, ಅಲ್ಲಿ ನಡೆದರೆ ವ್ಯತ್ಯಾಸ ಕಾಲಿಗೇ ಗೊತ್ತಾಗುತ್ತದೆ. ಅಂಥದ್ದನ್ನು ಎಲ್ಲ ಕಡೆ ಕೇಳಲೇಬೇಕು. ಆದರೆ ಇದೇ ರಿಂಗ್ ರೋಡಿನಲ್ಲಿ 2020ರಲ್ಲಿ ಗೂಟ ನೆಟ್ಟು ಸೈಕಲ್‌ಗೆಂದೇ ಪ್ರತ್ಯೇಕ ದಾರಿ ಮಾಡಿದ್ದರು. ಅದರೊಳಗೂ ಬೈಕುಗಳು ನುಗ್ಗಿದವು. ನಾನು ಹತ್ತಿದ ಫುಟ್‌ಪಾತನ್ನೂ ಯಾರೋ ಸರಿಯಾಗಿಯೇ ಕಟ್ಟಿದ್ದರು, ಕೆಡಿಸಿದ್ದು ನಾನು.

ಮರುದಿನ ಮತ್ತೆ ಜಾಮ್. ಮುಂದಿನವನು ಮತ್ತೆ ಹತ್ತಿದ. ನೀನೂ ಹತ್ತು ಅಂತ ಹಿಂದಿನಿಂದ ಹಾರ್ನ್ ಬಿತ್ತು. ನಾನು ದಡದಲ್ಲೇ ನಿಂತೆ.

ಮೀಟಿಂಗಿಗೆ ಏಳು ನಿಮಿಷ ಲೇಟಾಯಿತು. ಯಾರೂ ಕೇಳಲಿಲ್ಲ.